ಭೈರಪ್ಪನ ಬಲಗಾಲು

ಭೈರಪ್ಪನಿಗೆ ಬಸ್ಸು ಓಡಿಸುವುದನ್ನು ಯಾರು ಕಲಿಸಿದರೋ ನನಗೆ ಗೊತ್ತಿಲ್ಲ. ಗಿಟಾರಿನ ಮುಂದೆ ಕುಳಿತಾಗ ಬಸ್ಸು ಓಡಿಸದೆ ಇರುವುದನ್ನು ಕಲಿಸಿದವಳು ಮಾತ್ರ ನಾನು. ಅದಕ್ಕೆ ವರ್ಷದ ಮೇಲೆ ಹಿಡಿಯಿತು. ಅಷ್ಟರಲ್ಲಿ ಡಾಕ್ಟರು ನನ್ನ ಬಿ.ಪಿ. ಮಾತ್ರೆಯನ್ನೂ ಬದಲಾಯಿಸಿದರು.

ನಾನು ಅನ್ನಪೂರ್ಣಮ್ಮ. ಹುಟ್ಟಿದ್ದು ಎನ್.ಆರ್.ಪುರದ ಕಡೆ, ಹೈಸ್ಕೂಲಿನಲ್ಲಿ ಸಂಗೀತ ಕಲಿಸಿ ನಿವೃತ್ತಳಾದ ಮೇಲೆ ಇರುವುದು ಕೊಪ್ಪದ ಪಕ್ಕದ ಬಾಳಗಡಿಯಲ್ಲಿ, ರಸ್ತೆಗೆ ತಾಗಿದ ಮನೆಯಲ್ಲಿ. ವಯಸ್ಸಿನಲ್ಲಿದ್ದಾಗ ಭದ್ರಾವತಿಯಲ್ಲಿ ಹೆಂಗಸರದ್ದೇ ಒಂದು ಆರ್ಕೆಸ್ಟ್ರಾ ಕಟ್ಟಿಕೊಂಡಿದ್ದೆವು. ಹಡಗಿನ ಬ್ಯಾಂಡಿನಲ್ಲಿ ನುಡಿಸುತ್ತಿದ್ದ ಮಂಗಳೂರಿನವರೊಬ್ಬರು ಊರಿಗೆ ಮರಳುವಾಗ ತಂದಿದ್ದ ಪೆಡಲ್ ಸ್ಟೀಲ್ ಗಿಟಾರ್ ಆ ಕಾಲದಲ್ಲೇ ನನ್ನ ಪಾಲಿಗೆ ಬಂತು. ಇದು ಎದೆಗೆ ಒರಗಿಸಿಕೊಂಡು ನುಡಿಸುವ ಗಿಟಾರ್ ಅಲ್ಲ. ನಾಲ್ಕು ಕಾಲಿನ ಮೇಲೆ ಮಲಗಿರುತ್ತದೆ. ಮನೆಗೆ ಬಂದವರು ಇಸ್ತ್ರಿ ಮೇಜು ಎಂದುಕೊಂಡು ಅದರ ಮೇಲೆ ಕೈಚೀಲ ಇಡಲು ಹೋಗುತ್ತಾರೆ, ನಾನು ಗದರುತ್ತೇನೆ. ಮೇಲೆ ಹತ್ತು ತಂತಿ. ಎಡಗೈಯಲ್ಲಿ ಬೆರಳುದ್ದದ ಒಂದು ಉಕ್ಕಿನ ಗುಂಡು ಹಿಡಿದು ತಂತಿಗಳ ಮೇಲೆ ಜಾರಿಸಬೇಕು, ಬಲಗೈ ಬೆರಳಿಗೆ ತಗಡಿನ ಉಗುರು ಹಾಕಿಕೊಂಡು ಮೀಟಬೇಕು. ಎಡಗಾಲಿನ ಕೆಳಗೆ ತಂತಿಯನ್ನು ಬಿಗಿ ಮಾಡುವ ಪೆಡಲುಗಳು, ಬಲಗಾಲಿನ ಕೆಳಗೆ ಸದ್ದು ಏರಿಸಿ ಇಳಿಸುವ ಒಂದು ಪೆಡಲು. ಒಟ್ಟಿನಲ್ಲಿ ಕೈಕಾಲು ನಾಲ್ಕಕ್ಕೂ ಕೆಲಸ.

ಈಚೆಗೆ ನನ್ನ ಬೆರಳುಗಳ ಗಂಟು ಹಿಡಿದುಕೊಂಡಿದೆ. ದಿನಕ್ಕೆ ಒಂದೆರಡು ಹಾಡು ನುಡಿಸಿ ಮುಚ್ಚಿಡುತ್ತೇನೆ. ಹಾಗೆ ನುಡಿಸುತ್ತಿದ್ದ ಒಂದು ಮಧ್ಯಾಹ್ನ ಮನೆಯ ಮುಂದೆ ಬಸ್ಸೊಂದು ಪಂಕ್ಚರಾಗಿ ನಿಂತಿತು. ಎನ್.ಆರ್.ಪುರದಿಂದ ಬಾಳೆಹೊನ್ನೂರು, ಜಯಪುರ ಹಾದು ಕೊಪ್ಪಕ್ಕೆ ಬರುವ ಖಾಸಗಿ ಬಸ್ಸು. ಕಂಡಕ್ಟರ್ ಸುಂದರೇಶ್ ಜಾಕ್ ಹಾಕುತ್ತಿದ್ದ. ಡ್ರೈವರ್ ಮಾತ್ರ ನನ್ನ ಕಿಟಕಿಗೆ ಕಿವಿ ಕೊಟ್ಟು ನಿಂತಿದ್ದ. ಐವತ್ತರ ಆಸುಪಾಸಿನ ಗಟ್ಟಿ ಆಳು, ಕೈಯಲ್ಲಿ ಗ್ರೀಸು. ಅವನೇ ಕೊಪ್ಪದ ಹತ್ತಿರದ ನಾರ್ವೆ ಹಳ್ಳಿಯ ಭೈರಪ್ಪ. ಹಾಡು ಮುಗಿದ ಮೇಲೆ ಜಗಲಿಗೆ ಬಂದು, ಹೆಸರು ಹೇಳುವ ಮೊದಲೇ ಒಂದು ಪ್ರಶ್ನೆ ಕೇಳಿದ.

"ಟೀಚ್ರೆ, ಈ ಸಾಮಾನು ಎರಡು ಸ್ವರದ ಮಧ್ಯೆ ನಿಲ್ತದಾ?"

ಜೀವಮಾನವೆಲ್ಲ ಸಂಗೀತ ಕಲಿಸಿದ್ದೇನೆ, ಇಂಥ ಪ್ರಶ್ನೆ ಒಬ್ಬ ಶಿಷ್ಯನೂ ಕೇಳಿರಲಿಲ್ಲ. ಎಲ್ಲಿ ನಿಲ್ಲಿಸಿದರೆ ಅಲ್ಲಿ ನಿಲ್ಲುತ್ತದೆ ಎಂದೆ. ಅವನು ಜಗಲಿಯ ಮೇಲೆ ಕುಳಿತೇಬಿಟ್ಟ.

ವಿಷಯ ಅವನ ಹೆಂಡತಿ ವಸಂತಮ್ಮನದು. ತೋಟದ ಕೂಲಿ ಕೆಲಸಕ್ಕೆ ಹೋಗುವ ಹೆಂಗಸು, ಸೋಬಾನೆ ಹಾಡುವುದರಲ್ಲಿ ಸುತ್ತಿನ ಹಳ್ಳಿಗಳಲ್ಲೆಲ್ಲ ಹೆಸರು ಮಾಡಿದವಳು. ವಸಂತಮ್ಮ ಬಂದಳಾ ಎಂದು ಕೇಳಿಕೊಂಡೇ ಮದುವೆ ಮನೆಯವರು ಮುಂದಿನ ಶಾಸ್ತ್ರಕ್ಕೆ ಏಳುತ್ತಿದ್ದರಂತೆ. ಎರಡು ವರ್ಷದ ಹಿಂದೆ ಕೊಪ್ಪದ ಒಂದು ಕಾರ್ಯಕ್ರಮದಲ್ಲಿ ಯಾರೋ ಅವಳನ್ನು ಸ್ಟೇಜು ಹತ್ತಿಸಿದ್ದಾರೆ. ಆರ್ಕೆಸ್ಟ್ರಾದ ಕೀಬೋರ್ಡ್ ಹುಡುಗ ಪ್ರದೀಪ ಕಪ್ಪು ಬಿಳಿ ಕೀಗಳ ಮೇಲೆ ಅವಳ ಹಾಡಿಗೆ ಸ್ವರ ಹುಡುಕಿ ಹುಡುಕಿ ಸಾಕಾಗಿ, ಹಾಡಿನ ನಡುವೆಯೇ ಮೈಕಿನಲ್ಲಿ ಹೇಳಿಬಿಟ್ಟಿದ್ದಾನೆ. ಅಮ್ಮಾ, ನೀವು ಕಪ್ಪು ಎರಡರಲ್ಲೂ ಇಲ್ಲ, ಬಿಳಿ ಮೂರರಲ್ಲೂ ಇಲ್ಲ, ಯಾವುದಾದರೂ ಒಂದು ಮನೆಯಲ್ಲಿ ನಿಂತುಕೊಳ್ಳಿ ಅಂತ. ಜನ ನಕ್ಕಿದ್ದಾರೆ. ವಸಂತಮ್ಮ ಮೈಕನ್ನು ಮೆಲ್ಲಗೆ ಕೆಳಗಿಟ್ಟು ಇಳಿದು ಬಂದವಳು ಮತ್ತೆ ಬಾಯಿ ತೆರೆದಿಲ್ಲ. ಮದುವೆಯಲ್ಲಿಲ್ಲ, ತೋಟದಲ್ಲಿಲ್ಲ, ಮನೆಯಲ್ಲಿ ಪಾತ್ರೆ ತೊಳೆಯುವಾಗಲೂ ಇಲ್ಲ. ಯಾರಾದರೂ ಕೇಳಿದರೆ ಗಂಟಲು ಸರಿಯಿಲ್ಲ ಎನ್ನುತ್ತಾಳೆ.

"ಮನೆ ಬಣಗುಡ್ತದೆ ಟೀಚ್ರೆ," ಎಂದ ಭೈರಪ್ಪ. "ಅವಳು ನಿಲ್ಲೋ ಜಾಗದಲ್ಲಿ ನಿಲ್ಲೋ ಒಂದು ವಾದ್ಯ ಇದ್ರೆ, ನಾನೇ ಕಲ್ತು ಅವಳ ಹಿಂದೆ ಕೂತ್ಕತೀನಿ."

ನನಗೆ ಪ್ರದೀಪನ ಮೇಲೆ ಸಿಟ್ಟು ನೆತ್ತಿಗೇರಿತು. ಅವನ ಪೆಟ್ಟಿಗೆಯಲ್ಲಿರುವುದು ಮೆಟ್ಟಿಲು. ನಮ್ಮ ಹೆಂಗಸರ ಹಾಡು ಹಾಗೆ ಮೆಟ್ಟಿಲ ಲೆಕ್ಕದಲ್ಲಿ ನಡೆಯುವುದಿಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗುತ್ತದೆ, ನಡುವೆ ಇಷ್ಟ ಬಂದಲ್ಲಿ ಕೂರುತ್ತದೆ. ಅದು ತಪ್ಪು ಎಂದು ಹೇಳಲು ಆ ಹುಡುಗ ಯಾರು? ಆ ಸಿಟ್ಟಿನಲ್ಲೇ ನಾಳೆಯಿಂದ ಬಾ ಎಂದುಬಿಟ್ಟೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಮಾತು ಆಗ ನೆನಪಿಗೆ ಬರಲಿಲ್ಲ. ಬಂದಿದ್ದರೆ ಮಾತ್ರೆಯ ಖರ್ಚಾದರೂ ಉಳಿಯುತ್ತಿತ್ತು.

ಮಧ್ಯಾಹ್ನ ಬಸ್ಸಿಗೆ ಕೊಪ್ಪದಲ್ಲಿ ಹಾಲ್ಟು. ಆ ಹೊತ್ತಿನಲ್ಲಿ ಭೈರಪ್ಪನೂ ಸುಂದರೇಶನೂ ಬುತ್ತಿ ಹಿಡಿದುಕೊಂಡು ನಮ್ಮ ಮನೆಗೆ ಬರತೊಡಗಿದರು. ಮೊದಲ ದಿನ ಭೈರಪ್ಪ ಕುರ್ಚಿಯ ಮೇಲೆ ಕುಳಿತು, ಅದನ್ನು ಹಿಂದೆ ಮುಂದೆ ಸರಿಸಿ ಕಾಲಿನ ಅಳತೆ ನೋಡಿಕೊಂಡ. ತಂತಿ ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ತಲೆಯೆತ್ತಿ ಬಲಗಡೆ ಮೂಲೆಗೊಮ್ಮೆ ನೋಡಿದ. ಅಲ್ಲಿ ನಮ್ಮ ಮನೆಯ ಕ್ಯಾಲೆಂಡರ್ ಇತ್ತು, ಕನ್ನಡಿ ಇರಲಿಲ್ಲ. ನಾನು ನಗು ತಡೆದುಕೊಂಡೆ. ಆಮೇಲೆ ಅವನು ಮೀಟಿದ, ನಗು ತಾನಾಗಿ ನಿಂತಿತು. ಬಲಗಾಲಿನ ಪೆಡಲನ್ನು ಅವನು ಒತ್ತಿದ ರಭಸಕ್ಕೆ ಕಿಟಕಿಯ ಗಾಜು ಜುಮ್ಮೆಂದು, ಪಕ್ಕದ ಮನೆಯ ವೀರಬಸಮ್ಮ ಗ್ಯಾಸ್ ಆರಿಸಿ ಓಡಿ ಬಂದರು.

ಈ ವಾದ್ಯದ ಗುಟ್ಟಿರುವುದು ಆ ಬಲಗಾಲಿನಲ್ಲೇ. ತಂತಿ ಮೀಟಿದ ಕ್ಷಣ ಸದ್ದು ತಾನಾಗಿಯೇ ಜೋರಾಗಿರುತ್ತದೆ, ಆಗ ಪೆಡಲು ಒತ್ತುವ ಕೆಲಸವಿಲ್ಲ. ಸದ್ದು ಕರಗುತ್ತಾ ಬಂದ ಹಾಗೆ ಮೆಲ್ಲಗೆ, ಹಾಲು ಉಕ್ಕದ ಹಾಗೆ ಉರಿ ನೋಡಿಕೊಳ್ಳುವವರಂತೆ, ಒಂಚೂರು ಒಂಚೂರೇ ಒತ್ತುತ್ತಾ ಹೋಗಬೇಕು. ಆಗ ಸ್ವರ ಸಾಯದೆ ಉದ್ದಕ್ಕೂ ನಿಲ್ಲುತ್ತದೆ. ಹೊಸಬರೆಲ್ಲ ತಪ್ಪುವುದು ಇಲ್ಲೇ, ಆದರೆ ಹೊಸಬರ ಕಾಲಿಗೆ ಬೇರೆ ಅಭ್ಯಾಸವಿರುವುದಿಲ್ಲ, ತಿದ್ದಬಹುದು. ಭೈರಪ್ಪನ ಕಾಲಿಗೆ ಮೂವತ್ತು ವರ್ಷದ ಆಕ್ಸಿಲರೇಟರು ಅಂಟಿತ್ತು. ಹಾಡು ಮೇಲಕ್ಕೆ ಹೊರಟಿತೋ, ಅವನಿಗೆ ಅದು ಏರು. ಏರು ಬಂದರೆ ಒತ್ತಬೇಕು. ಹಾಡು ಇಳಿಯಿತೋ, ಕಾಲು ಎತ್ತಿಬಿಡುತ್ತಿದ್ದ, ಸ್ವರ ಅಲ್ಲೇ ಪ್ರಾಣ ಬಿಡುತ್ತಿತ್ತು. ಎಡಗಾಲಿನ ಪೆಡಲು ಅವನಿಗೆ ಕ್ಲಚ್ಚು. ಒತ್ತುವಾಗ ಧಡ್ಡನೆ, ಬಿಡುವಾಗ ನಿಧಾನ. ಹಾಗಾಗಿ ಪ್ರತಿ ಸ್ವರವೂ ಹೋಗುವಾಗ ಹಾರಿ, ಬರುವಾಗ ನರಳುತ್ತಾ ಬರುತ್ತಿತ್ತು.

ಸಾಲದ್ದಕ್ಕೆ ಜಗಲಿಯಲ್ಲಿ ಊಟ ಮಾಡುತ್ತಾ ಕುಳಿತ ಸುಂದರೇಶ್. ಸದ್ದು ಜೋರಾದಾಗ, ಬಸ್ಸು ನಿಲ್ಲಿಸುವಾಗ ಕೂಗುವ ಹಾಗೆ, "ಓಲ್ಡಾನ್" ಎಂದು ಕೂಗುತ್ತಿದ್ದ. ಆ ಮಾತು ಕಿವಿಗೆ ಬಿದ್ದರೆ ಸಾಕು, ಭೈರಪ್ಪನ ಎರಡು ಕಾಲೂ ಒಟ್ಟಿಗೆ ಇಳಿದು, ಗಿಟಾರ್ ಒಂದು ಗೇಣು ಮುಂದಕ್ಕೆ ಜಾರುತ್ತಿತ್ತು. ಸುಂದರೇಶನಿಗೆ ಬಾವಿಕಟ್ಟೆಯ ಬಳಿ ಕುಳಿತು ಉಣ್ಣು ಎಂದು ಹೇಳಬೇಕಾಯಿತು.

ಅದಾದ ಮೇಲೆ ಕೈಯ ಕಾಟ. ನಮ್ಮ ಕಡೆ ರಸ್ತೆಯಲ್ಲಿ ಎದುರಾದ ಡ್ರೈವರ್ ಹಾರ್ನ್ ಹೊಡೆದರೆ ಬಲಗೈ ಎತ್ತದೆ ಹೋಗುವವರಿಲ್ಲ. ಎತ್ತದಿದ್ದರೆ ಸಂಜೆ ಕ್ಯಾಂಟೀನಿನಲ್ಲಿ ವಿಚಾರಣೆಯಾಗುತ್ತದೆ. ನನ್ನ ಮನೆ ಇರುವುದು ರಸ್ತೆಯ ಬದಿಯಲ್ಲಿ. ಹೊರಗೆ ಯಾವ ಬಸ್ಸು ಪೋಂ ಎಂದರೂ ಭೈರಪ್ಪ ಹಾಡು ನುಡಿಸುತ್ತಲೇ ತಂತಿಯಿಂದ ಕೈ ತೆಗೆದು, ನೆತ್ತಿಯವರೆಗೆ ಎತ್ತಿ, ಮತ್ತೆ ತಂದಿಡುತ್ತಿದ್ದ. ಹಾಗೆ ಮಾಡಿದೆ ಎಂದು ಅವನಿಗೇ ಗೊತ್ತಿರುತ್ತಿರಲಿಲ್ಲ. ನಾನು ಹೇಳಿದರೆ ನಂಬುತ್ತಲೂ ಇರಲಿಲ್ಲ. ಕೊನೆಗೆ ವೀರಬಸಮ್ಮನನ್ನೂ ಕರೆದು ಗಿಟಾರನ್ನು ಅಡುಗೆಮನೆಯ ಪಕ್ಕದ ಕೋಣೆಗೆ ಹೊತ್ತು ಹಾಕಿದೆವು. ಅಲ್ಲಿ ಹಾರ್ನು ಕೇಳುವುದಿಲ್ಲ, ಕುಕ್ಕರ್ ಕೇಳುತ್ತದೆ. ಕುಕ್ಕರಿಗೆ ಅವನು ಕೈ ಎತ್ತಲಿಲ್ಲ, ಅಷ್ಟು ಪುಣ್ಯ.

ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಸುಮ್ಮನಾದರೂ ಇರುತ್ತದೆ, ಇಲ್ಲಿ ಕೋಣನೇ ಕಿನ್ನರಿ ಬಾರಿಸುತ್ತಿದೆ ಎಂದು ಒಂದು ದಿನ ಅಂದೇಬಿಟ್ಟೆ. ಅವನು ಬೇಸರ ಮಾಡಿಕೊಳ್ಳಲಿಲ್ಲ. ಕೋಣನಿಗೆ ಬಾರುಕೋಲು ಬೇಕಾಗ್ತದೆ ಟೀಚ್ರೆ, ಬೈತಾ ಇರಿ ಎಂದ. ಆ ಒಳ್ಳೆಯತನದ ಮುಂದೆ ಸಿಟ್ಟು ಎಷ್ಟು ಹೊತ್ತು ನಿಂತೀತು. ಅಂದು ಅವನು ಹೋದ ಮೇಲೆ ಕುಳಿತು ಯೋಚಿಸಿದೆ. ಬೈದು ಬಿಡಿಸುವ ಅಭ್ಯಾಸ ಇದಲ್ಲ. ಕಾಲಿಗೆ ಬಸ್ಸು ಮರೆಯಬೇಕಾದರೆ, ಕಾಲಿಗೆ ಬಸ್ಸಿನ ಪೆಡಲಿನಂತೆ ತೋರದ ಏನಾದರೂ ಸಿಗಬೇಕು.

ಪೆಡಲಿಗೆ ಬೇಕು ಎಂದು ಅಷ್ಟು ದಿನ ಕಾಲಲ್ಲೇ ಇಟ್ಟುಕೊಂಡಿದ್ದ ಚಪ್ಪಲಿಯನ್ನು ಮರುದಿನ ಜಗಲಿಯಲ್ಲೇ ಬಿಡಿಸಿದೆ. ಹಿತ್ತಿಲಲ್ಲಿ ಗೊಬ್ಬರಕ್ಕೆಂದು ಗುಡ್ಡೆ ಹಾಕಿದ್ದ ದರಗಿನಿಂದ ಒಂದು ಬುಟ್ಟಿ ಒಣಗಿದ ಹಲಸಿನ ಎಲೆ ತಂದು, ಒಂದು ಎಲೆಯನ್ನು ಅವನ ಬರಿಯ ಪಾದಕ್ಕೂ ಪೆಡಲಿಗೂ ನಡುವೆ ಇಟ್ಟೆ. ಎಲೆ ಪುಡಿಯಾಗದ ಹಾಗೆ ಒತ್ತು ಎಂದೆ. ಮೊದಲ ವಾರ ಕೋಣೆಯ ತುಂಬ ಚರಚರ ಸದ್ದು. ಬುಟ್ಟಿ ಬುಟ್ಟಿ ದರಗು ಪುಡಿಯಾಯಿತು. ಹಿತ್ತಿಲ ಮಲ್ಲಿಗೆ ಗಿಡಕ್ಕೆ ಅಷ್ಟು ನಯವಾದ ಗೊಬ್ಬರ ಯಾವತ್ತೂ ಬಿದ್ದಿರಲಿಲ್ಲ. ಆಮೇಲೆ ಸದ್ದು ಕಡಿಮೆಯಾಯಿತು. ಮಳೆಗಾಲ ಕಳೆಯುವ ಹೊತ್ತಿಗೆ ಒಂದೇ ಎಲೆಯಲ್ಲಿ ಒಂದಿಡೀ ಹಾಡು ಮುಗಿಸಿದ. ಎಲೆಯನ್ನು ತೆಗೆದು ಬೆಳಕಿಗೆ ಹಿಡಿದು ನೋಡಿದೆವು, ಒಂದು ನರವೂ ಮುರಿದಿರಲಿಲ್ಲ. ಭೈರಪ್ಪ ಅದನ್ನು ಜೇಬಿಗೆ ಹಾಕಿಕೊಂಡು ಹೋಗಿ, ಸಂಜೆ ಬಸ್ಸಿನಲ್ಲಿ ಎಲ್ಲರಿಗೂ ತೋರಿಸಿದನಂತೆ. ಯಾರಿಗೂ ಅರ್ಥವಾಗಲಿಲ್ಲ.

ಇನ್ನು ಕಣ್ಣು. ಗುಂಡು ಎಲ್ಲೆಲ್ಲಿ ನಿಲ್ಲಬೇಕೋ ಅಲ್ಲೆಲ್ಲ ಅವನು ಕೆಂಪು ರೇಡಿಯಂ ಪಟ್ಟಿ ಕತ್ತರಿಸಿ ಅಂಟಿಸಿಕೊಂಡಿದ್ದ, ಬಸ್ಸಿನ ಹಿಂದೆ ಅಂಟಿಸುತ್ತಾರಲ್ಲ, ಅದೇ. ನನ್ನ ಗಿಟಾರ್ ಸಂಜೆ ಹೊತ್ತಿನಲ್ಲಿ ಲಾರಿಯ ಹಾಗೆ ಮಿನುಗುತ್ತಿತ್ತು. ನುಡಿಸುವಾಗ ಅವನ ದೃಷ್ಟಿ ಆ ಪಟ್ಟಿಗಳ ಮೇಲಿಂದ ಕದಲುತ್ತಿರಲಿಲ್ಲ. ರಸ್ತೆ ನೋಡದೆ ಹೇಗೆ ಓಡಿಸುವುದು ಎಂದು ನನಗೇ ವಾದ ಹೂಡಿದ. ಹಾಡುವವಳು ಆ ಪಟ್ಟಿಯ ಮೇಲೆ ಹಾಡುವುದಿಲ್ಲ ಮಾರಾಯ, ಅವಳು ಎಲ್ಲಿದ್ದಾಳೆ ಎಂದು ಕಿವಿಯಲ್ಲಿ ಹುಡುಕು ಎಂದು ಪಟ್ಟಿಗಳನ್ನೆಲ್ಲ ಕಿತ್ತು ಬಿಸಾಕಿದೆ. ಅವನ ಮುಖ ನೋಡಬೇಕಿತ್ತು, ಲೈಸೆನ್ಸ್ ಕಿತ್ತುಕೊಂಡ ಹಾಗೆ.

ಇಷ್ಟೂ ದಿನ ಅವನು ಮನೆಯಲ್ಲಿ ವಿಷಯ ಬಿಟ್ಟುಕೊಟ್ಟಿರಲಿಲ್ಲ. ಆದರೆ ಹೆಂಡತಿಯ ಕಣ್ಣಿಗೆ ಏನು ತಪ್ಪುತ್ತದೆ. ಊಟಕ್ಕೆ ಕುಳಿತಾಗ ಗಂಡನ ಕಾಲು ಅಲ್ಲಾಡುವುದು, ನಿದ್ದೆಯಲ್ಲಿ ಎಡಗಾಲು ಒದೆಯುವುದು, ಹಿಂದೆಂದೂ ಇಲ್ಲದ ಗುನುಗು. ಅದರ ಮೇಲೆ ಯಾರೋ ಪುಣ್ಯಾತ್ಮರು, ನಿನ್ನ ಗಂಡ ದಿನಾ ಮಧ್ಯಾಹ್ನ ಬಾಳಗಡಿಯ ಒಬ್ಬ ಹೆಂಗಸಿನ ಮನೆಗೆ ಹೋಗುತ್ತಾನೆ, ಹಿಂದಿನ ಕೋಣೆಯಲ್ಲಿರುತ್ತಾನೆ, ಚಪ್ಪಲಿ ಹೊರಗೆ ಬಿಟ್ಟಿರುತ್ತಾನೆ ಎಂದು ಹೇಳಿದ್ದಾರೆ. ಒಂದೊಂದು ಮಾತೂ ನಿಜ.

ವಸಂತಮ್ಮ ಕೂಲಿ ಬಿಟ್ಟು ಬಸ್ಸು ಹತ್ತಿ ಬಂದಳು. ಜಗಲಿಯಲ್ಲಿ ಚಪ್ಪಲಿ ಕಂಡಳು, ಗುರುತು ಹಿಡಿದಳು, ಸೀದಾ ಒಳಗೆ ಬಂದಳು. ಕೋಣೆಯ ಬಾಗಿಲಲ್ಲಿ ನಿಂತು ನೋಡಿದರೆ, ಗಂಡ ಬರಿಗಾಲಲ್ಲಿ ಎಲೆ ತುಳಿದುಕೊಂಡು ಬೆವರುತ್ತಿದ್ದಾನೆ, ಎಪ್ಪತ್ತರ ಮುದುಕಿಯೊಬ್ಬಳು ಕೈಯಲ್ಲಿ ಸೌಟು ಹಿಡಿದು ಅವನಿಗೆ ಬೈಯುತ್ತಿದ್ದಾಳೆ. ಅವಳು ಅಲ್ಲೇ ಹೊಸಿಲ ಮೇಲೆ ಕುಸಿದು ಕುಳಿತು ನಗತೊಡಗಿದಳು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ನನಗೂ ನಗು ಬಂತು. ಭೈರಪ್ಪ ಒಬ್ಬನೇ ಪೆಚ್ಚಾಗಿ ಕುಳಿತಿದ್ದ.

ಕಾಫಿ ಕೊಟ್ಟು ವಿಷಯ ಹೇಳಿದೆ. ಅವಳು ನಗು ನಿಲ್ಲಿಸಿ ಲೋಟವನ್ನೇ ನೋಡುತ್ತಾ ಕುಳಿತಳು. ಸ್ಟೇಜು ಗೀಜು ತನಗೆ ಬೇಡ, ಆ ಕಾಲ ಮುಗಿಯಿತು ಎಂದಳು. ನಾನು ಒತ್ತಾಯಿಸಲಿಲ್ಲ, ಪಾಠ ಮುಂದುವರಿಸಿದೆ. ಭೈರಪ್ಪ ಕಲಿಯುತ್ತಿದ್ದುದು ಅವಳದೇ ಹಾಡು. ಮದುವಣಗಿತ್ತಿ ತುಂಬಿದ ಹೊಳೆಯ ದಡದಲ್ಲಿ ನಿಂತು, ಸ್ವಲ್ಪ ಇಳಿಯೇ ತಾಯಿ, ನನ್ನ ಅಣ್ಣ ಆಚೆ ದಡದಲ್ಲಿದ್ದಾನೆ ಎಂದು ಬೇಡಿಕೊಳ್ಳುವ ಸೋಬಾನೆ. ಅವನು ನೆನಪಿನಿಂದ ಹೆಕ್ಕಿ ಹೆಕ್ಕಿ ನುಡಿಸುತ್ತಿದ್ದ. ಎರಡನೆಯ ಸಾಲಿನ ಒಂದು ತಿರುವು ಪ್ರತಿ ಸಲವೂ ತಪ್ಪುತ್ತಿತ್ತು. ಮತ್ತೆ ನುಡಿಸಿದ, ಮತ್ತೆ ತಪ್ಪಿದ. ವಸಂತಮ್ಮನ ಮುಖದಲ್ಲಿ ಸಂಕಟ ಏರುವುದು ನನಗೆ ಕಾಣುತ್ತಿತ್ತು.

"ಹಂಗಲ್ಲ ಅದು," ಎಂದಳು. ಹೇಗೆ ಎಂದು ತೋರಿಸಲು ಆ ಸಾಲು ಹಾಡಿದಳು.

ಹಾಡಿದ್ದು ಅವಳಿಗೇ ತಿಳಿಯಲಿಲ್ಲ. ಭೈರಪ್ಪ ತಲೆ ಎತ್ತಲಿಲ್ಲ, ಎತ್ತಿದರೆ ಅವಳು ನಿಲ್ಲಿಸಿಯಾಳು ಎಂಬ ಹೆದರಿಕೆ ಅವನಿಗೆ. ಬೇಕೆಂದೇ ಮತ್ತೊಮ್ಮೆ ತಪ್ಪು ನುಡಿಸಿದ. ಅವಳು ಮತ್ತೊಮ್ಮೆ ಹಾಡಿ ತಿದ್ದಿದಳು. ಆ ದನಿ ದಪ್ಪಗೆ, ಸ್ವಲ್ಪ ಒರಟು, ಸ್ವರದಿಂದ ಸ್ವರಕ್ಕೆ ಅವಸರವಿಲ್ಲದೆ ಜಾರುತ್ತಿತ್ತು. ಇಂಥ ದನಿಯ ಬಾಯಿಯನ್ನು ಇಷ್ಟು ವರ್ಷ ಮುಚ್ಚಿಸಿದ್ದನಲ್ಲ ಎಂದು ಪ್ರದೀಪನಿಗೆ ಮನಸ್ಸಿನಲ್ಲೇ ಬೈದೆ.

ಅಂದಿನಿಂದ ಕೆಲಸವಿಲ್ಲದ ದಿನಗಳಲ್ಲಿ ವಸಂತಮ್ಮನೂ ಬರತೊಡಗಿದಳು. ಗಂಡನ ತಪ್ಪು ತಿದ್ದುವುದಕ್ಕೆ ಮಾತ್ರ ಎಂದು ಖಡಾಖಂಡಿತವಾಗಿ ಹೇಳಿದ್ದಳು. ನಾವು ಒಪ್ಪಿಕೊಂಡೆವು. ತಿದ್ದುತ್ತಾ ತಿದ್ದುತ್ತಾ ಪೂರ್ತಿ ಹಾಡಿಗೆ ಬಂದಾಗ ಭೈರಪ್ಪನ ಕೊನೆಯ ಚಾಳಿ ಹೊರಗೆ ಬಿತ್ತು. ಅವಳು ಹಾಡುವಾಗ ಅವನು ಸುಮ್ಮನಿರಲಾರ. ಅವಳು ಎತ್ತರಕ್ಕೆ ಹೋದರೆ ಅವನೂ ಹೋಗುವನು, ಅವಳ ಪಕ್ಕದಲ್ಲೇ, ಜೋರಾಗಿ, ಓವರ್‌ಟೇಕ್ ಮಾಡುವ ಹಾಗೆ. ಹುಟ್ಟುಗುಣ ಸುಟ್ಟರೂ ಹೋಗದು. ಎರಡು ಮೂರು ಸಲ ಸಹಿಸಿಕೊಂಡ ವಸಂತಮ್ಮ, ಇವರೇ ಹೋಗಲಿ, ನಾನು ಇಲ್ಲೇ ಇಳಿದುಕೊಳ್ಳುತ್ತೇನೆ ಎಂದು ಎದ್ದು ಹಿತ್ತಿಲಿಗೆ ಹೋದಳು. ಅವಳ ಮುಖ ಬಿಗಿದದ್ದು ನೋಡಿ ಭೈರಪ್ಪನ ಮುಖ ಬಿಳಚಿತು. ಇಷ್ಟು ದಿನದ ಪಾಡೆಲ್ಲ ನೀರುಪಾಲಾಯಿತು ಎಂದು ನನಗೂ ಅನ್ನಿಸಿತು.

ಸಿಟ್ಟಿನಲ್ಲೇ ಅವನನ್ನು ಕೇಳಿದೆ. ನೀನು ಘಾಟಿ ಇಳಿಯುತ್ತಿದ್ದೀಯ, ಇಕ್ಕಟ್ಟಿನ ತಿರುವು, ಕೆಳಗಿನಿಂದ ಲೋಡು ಲಾರಿ ಹತ್ತಿ ಬರುತ್ತಿದೆ. ಆಗ ಏನು ಮಾಡುತ್ತೀಯ?

ಇದೆಂಥ ಪ್ರಶ್ನೆ ಎಂಬಂತೆ ನೋಡಿದ. "ಹತ್ತೋನಿಗೆ ದಾರಿ ಟೀಚ್ರೆ. ಇಳಿಯೋನು ಮುಂಚೇನೇ ಸೈಡಿಗೆ ಹಾಕಿ ನಿಂತ್ಕಬೇಕು. ಅವ್ನು ಏರಲ್ಲಿ ನಿಂತ್ರೆ ಮತ್ತೆ ಎತ್ತಕ್ಕಾಗಲ್ಲ."

"ಅವಳು ಹತ್ತುತಾ ಇದ್ದಾಳೆ ಮಾರಾಯ," ಎಂದೆ.

ಭೈರಪ್ಪ ಪೆಡಲಿನಿಂದ ಕಾಲು ತೆಗೆದ. ಕೈಯಲ್ಲಿದ್ದ ಗುಂಡನ್ನು ಅಂಗಿಗೆ ಒರೆಸಿಕೊಂಡ. ಹಿತ್ತಿಲ ಬಾಗಿಲಿಗೆ ಹೋಗಿ ಹೆಂಡತಿಗೆ ಏನೋ ಹೇಳಿದ. ನನಗೆ ಕೇಳಿಸಲಿಲ್ಲ, ಕೇಳಿಸಿಕೊಳ್ಳುವ ಮಾತೂ ಅಲ್ಲ. ಅವಳು ಬಂದು ಕುಳಿತು ಹಾಡಿದಾಗ ಅವನು ಒಂದು ಸಾಲು ನುಡಿಸಿ ನಿಲ್ಲಿಸಿದ. ಕೈ ತಂತಿಯ ಮೇಲೆಯೇ ಇತ್ತು, ಕಾಲು ಪೆಡಲಿನ ಮೇಲೆಯೇ ಇತ್ತು. ಅವಳು ಏರಿ, ಸಾಕಷ್ಟು ಹೊತ್ತು ಮೇಲಿದ್ದು, ಇಳಿದು ಬರುವವರೆಗೂ ಕಾದ. ಅವಳು ಉಸಿರೆಳೆದುಕೊಂಡ ಜಾಗದಲ್ಲಿ ಮೆಲ್ಲಗೆ ಹೊರಟ. ನಮ್ಮ ಹೆಂಗಸರ ಆರ್ಕೆಸ್ಟ್ರಾದವರಿಗೆ ಹೀಗೆ ಕಾಯುವುದು ಬಂದಿದ್ದರೆ ನಾವು ಎಲ್ಲಿಯೋ ಇರುತ್ತಿದ್ದೆವು. ನಮಗೆಲ್ಲ ಮುಂದೆ ಹೋಗುವ ಆತುರವೇ ಇತ್ತು.

ನವೆಂಬರಿನಲ್ಲಿ ಜಯಪುರದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು, ಆಟೋದವರೆಲ್ಲ ಸೇರಿ ರಾಜ್ಯೋತ್ಸವ ಮಾಡುತ್ತಾರೆ. ಭೈರಪ್ಪನ ಹಾಡಿಗೆ ಸಮಯ ಕೊಡಿ ಎಂದು ಸುಂದರೇಶನೇ ಕಮಿಟಿಯವರಿಗೆ ಹೇಳಿ ಬಂದ. ವಸಂತಮ್ಮ ಮೊದಲು ಆಗುವುದಿಲ್ಲ ಎಂದಳು, ಆಮೇಲೆ ನೋಡುವಾ ಎಂದಳು, ಆಮೇಲೆ ಸೀರೆ ಯಾವುದು ಉಡಲಿ ಎಂದು ವೀರಬಸಮ್ಮನನ್ನು ಕೇಳಿದಳು. ನಾವು ಆಸೆ ಇಟ್ಟುಕೊಂಡೆವು. ಆ ದಿನ ಗಿಟಾರನ್ನು ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ನಾನು ಪಕ್ಕದಲ್ಲಿ ಕುಳಿತು ಹಿಡಿದುಕೊಂಡು, ಕೆಂಪು ಹಳದಿ ಬಾವುಟದ ಸಾಲಿನ ಕೆಳಗೆ ಇಳಿದೆವು. ಇಳಿದು ನೋಡಿದರೆ, ಸ್ಟೇಜಿನ ಮೇಲೆ ಕೀಬೋರ್ಡ್ ಜೋಡಿಸುತ್ತಿದ್ದವನು ಪ್ರದೀಪ.

ಯಾವ ಆರ್ಕೆಸ್ಟ್ರಾ ಬರುತ್ತದೆಂದು ನಮಗೆ ಯಾರಿಗೂ ತಿಳಿದಿರಲಿಲ್ಲ. ಪಾಪ, ಅವನಿಗೆ ವಸಂತಮ್ಮನ ಗುರುತು ಕೂಡ ಹತ್ತಲಿಲ್ಲ, ನಮಸ್ಕಾರಮ್ಮ ಎಂದು ನಕ್ಕ. ಅಂದವನಿಗೆ ಮರೆತುಹೋಗುತ್ತದೆ, ಅನ್ನಿಸಿಕೊಂಡವರಿಗೆ ಮರೆಯುವುದಿಲ್ಲ. ವಸಂತಮ್ಮ ಪೆಂಡಾಲಿನ ಕೊನೆಯ ಕುರ್ಚಿಗೆ ಹೋಗಿ ಕುಳಿತಳು. ನಾನು ಹೋಗಿ ಹೇಳಿದೆ, ವೀರಬಸಮ್ಮ ಹೇಳಿದರು. ತಾನು ಬರುವುದಿಲ್ಲ, ಒತ್ತಾಯ ಮಾಡಿದರೆ ಎದ್ದು ಮನೆಗೆ ಹೋಗುತ್ತೇನೆ ಎಂದಳು. ಭಾಷಣಗಳು ಮುಗಿಯುತ್ತಾ ಬಂದವು. ಭೈರಪ್ಪ ಅವಳ ಕಡೆ ಹೋಗಲೇ ಇಲ್ಲ. ಸ್ಟೇಜು ಹತ್ತಿದ, ಗಿಟಾರ್ ನಿಲ್ಲಿಸಿಕೊಂಡ, ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟ. ಇವನಿಗೆ ಬುದ್ಧಿ ಇದೆಯೇ, ಹೆಂಡತಿಯ ಹತ್ತಿರ ಹೋಗಿ ನಾಲ್ಕು ಮಾತಾಡಬಾರದೇ ಎಂದು ನಾನು ಕುದಿಯುತ್ತಿದ್ದೆ.

ಭೈರಪ್ಪ ಸೋಬಾನೆಯ ಮೊದಲ ಸಾಲು ನುಡಿಸಿದ. ಅವಳು ಎತ್ತಿಕೊಳ್ಳಬೇಕಾದ ಜಾಗಕ್ಕೆ ಬಂದು ನಿಲ್ಲಿಸಿದ. ಕಾದ.

ಜನರಿಗೆ ಇದೇನೆಂದು ಅರ್ಥವಾಗಲಿಲ್ಲ. ಮರೆತುಹೋಯಿತೇನೋ ಎಂದು ಯಾರೋ ಅಂದರು. ಅವನು ಮತ್ತೆ ಮೊದಲಿನಿಂದ ಅದೇ ಸಾಲು ನುಡಿಸಿ, ಅದೇ ಜಾಗದಲ್ಲಿ ನಿಂತ. ಮುಖದಲ್ಲಿ ಗಾಬರಿಯಿಲ್ಲ, ಅವಸರವಿಲ್ಲ. ಮುಂದಿನವರು ಹೋಗಲಿ ಎಂದು ಗಾಡಿ ಬದಿಗೆ ಹಾಕಿ ಕುಳಿತವನ ಮುಖ. ಪ್ರದೀಪ ಆ ಖಾಲಿ ಜಾಗ ತುಂಬಲು ಕೀಬೋರ್ಡಿಗೆ ಕೈ ಹಾಕಿದ, ಭೈರಪ್ಪ ತಲೆಯಾಡಿಸಿ ಬೇಡವೆಂದ. ಮೂರನೆಯ ಸಲ ನುಡಿಸಿ ನಿಂತಾಗ ಕುರ್ಚಿ ಸರಿದ ಸದ್ದಾಯಿತು. ವಸಂತಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸಾಲುಗಳ ನಡುವೆ ನಡೆದು ಬರುತ್ತಿದ್ದಳು. ಸಿಟ್ಟು ಬಂದವಳ ಹಾಗಿತ್ತು ನಡಿಗೆ. ಸ್ಟೇಜು ಹತ್ತಿ, ಮೈಕ್ ಹಿಡಿದು, ಯಾರನ್ನೂ ನೋಡದೆ ಹಾಡು ಎತ್ತಿದಳು.

ಎತ್ತಿದ್ದು ಅವನ ಶ್ರುತಿಯಲ್ಲಲ್ಲ. ಎದೆ ಹೊಡೆದುಕೊಳ್ಳುತ್ತಿತ್ತೋ ಏನೋ, ನಮ್ಮ ಕೋಣೆಯಲ್ಲಿ ಹಾಡುತ್ತಿದ್ದುದಕ್ಕಿಂತ ಒಂದಿಷ್ಟು ಮೇಲೆ ಹಿಡಿದಳು. ನನ್ನ ಕಿವಿ ಕೂಡಲೇ ಹೇಳಿತು, ಕಪ್ಪು ಎರಡಲ್ಲ, ಬಿಳಿ ಮೂರೂ ಅಲ್ಲ. ಪ್ರದೀಪನಿಗೂ ತಿಳಿಯಿತು, ಕೈ ಹಿಂದೆ ತೆಗೆದ. ಭೈರಪ್ಪನ ಕಣ್ಣು ಒಂದು ಕ್ಷಣ ತಂತಿಗಳ ಮೇಲೆ ಗುರುತು ಹುಡುಕಿ ಓಡಾಡಿತು. ಅಲ್ಲೇನೂ ಇರಲಿಲ್ಲ. ಅವನು ತಲೆ ಎತ್ತಿ ಹೆಂಡತಿಯನ್ನು ನೋಡಿದ. ಅವಳ ಬೆನ್ನನ್ನೇ ನೋಡುತ್ತಾ, ಸದ್ದಿಲ್ಲದೆ, ಗುಂಡನ್ನು ಚೂರು ಚೂರೇ ಸರಿಸಿಕೊಂಡು ಹೋಗಿ ಒಂದು ಕಡೆ ನಿಲ್ಲಿಸಿದ. ಅವಳ ಸಾಲು ಮುಗಿದಾಗ ಮೀಟಿದ. ಇಬ್ಬರೂ ಒಂದೇ ಜಾಗದಲ್ಲಿದ್ದರು, ಕೂದಲೆಳೆಯ ಅಂತರವೂ ಇರಲಿಲ್ಲ. ವಸಂತಮ್ಮನ ಭುಜ ಇಳಿದದ್ದು ನನಗೆ ಕೆಳಗಿನಿಂದಲೇ ಕಂಡಿತು.

ಆಮೇಲೆ ಅವಳು ಹಾಡಿದ್ದನ್ನು ನಾನು ಬರೆದು ಮುಗಿಸಲಾರೆ. ಸಾಲು ಸಾಲಿಗೂ ಏರಿದಳು. ಅವನು ನಿಂತ, ಅವಳು ಹೋದಳು, ಅವನು ಹಿಂದಿನಿಂದ ಬಂದ. ಹಣ್ಣಿನ ಗಾಡಿಯವನು ತೂಗುವುದನ್ನು ನಿಲ್ಲಿಸಿದ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಹೆಂಗಸರು ಸೋಬ್ಬಾನವೇ ಎಂದು ದನಿ ಕೂಡಿಸಿದರು. ಪ್ರದೀಪ ಕೀಬೋರ್ಡಿನ ಮೇಲೆ ಮೊಣಕೈ ಊರಿ, ಬಾಯಿ ತೆರೆದುಕೊಂಡು ಭೈರಪ್ಪನ ಎಡಗೈಯನ್ನೇ ನೋಡುತ್ತಿದ್ದ. ನಾನು ಅಳುವವಳಲ್ಲ. ಅಂದು ಅತ್ತೆ, ಸಂತೋಷಕ್ಕೆ, ಮೂಗು ಒರೆಸಿಕೊಳ್ಳುವುದಕ್ಕೂ ಬಿಡುವಿಲ್ಲದ ಹಾಗೆ.

ಹಾಡು ಮುಗಿದು ಚಪ್ಪಾಳೆ ಬಿತ್ತು. ಅಷ್ಟರಲ್ಲಿ ಎನ್.ಆರ್.ಪುರದ ಟ್ರಿಪ್ಪಿನ ಹೊತ್ತಾಗಿತ್ತು. ಸುಂದರೇಶ್ ಪೆಂಡಾಲಿನ ಬದಿಯಲ್ಲಿ ನಿಂತು ಗಡಿಯಾರ ತೋರಿಸಿದ. ಭೈರಪ್ಪ ಬೆರಳಿನಿಂದ ತಗಡಿನ ಉಗುರು ಕಳಚಿ, ಕಾಲಿನಲ್ಲಿ ಚಪ್ಪಲಿ ಹುಡುಕುತ್ತಾ ಏಳುವುದರಲ್ಲಿದ್ದ. ವಸಂತಮ್ಮ ಮೈಕನ್ನು ಕೈಯಲ್ಲೇ ಹಿಡಿದುಕೊಂಡು ಹಿಂದಕ್ಕೆ ತಿರುಗಿದಳು. ಅವಳು ಗಂಡನಿಗೆ ಹೇಳಿದ್ದು ಇಡೀ ಬಸ್‌ಸ್ಟ್ಯಾಂಡಿಗೆ ಕೇಳಿಸಿತು.

"ಕೂತ್ಕಳಿ. ನಂಗೆ ಇನ್ನೂ ಹಾಡೋದಿದೆ."

ಭೈರಪ್ಪ ಕುಳಿತುಕೊಂಡ. ಬಸ್ಸು ಅಂದು ತಡವಾಗಿ ಹೊರಟಿತು. ಯಾರೂ ದೂರಲಿಲ್ಲ, ಹೋಗಬೇಕಾದವರೆಲ್ಲ ಪೆಂಡಾಲಿನಲ್ಲೇ ಕುಳಿತಿದ್ದರು.